ಬೇಸಿಗೆಗೆ ಟ್ಯಾಂಕರ್, ಮಳೆಗಾಲಕ್ಕೆ ದೋಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹವಾಮಾನ ಬದಲಾಗುತ್ತಿದೆ, ಅದಕ್ಕೆ ನಮ್ಮ ಮನೆ, ಬೀದಿ, ಬಡಾವಣೆ ಹೇಗೆ ಸಿದ್ಧವಾಗಬೇಕು, ಈ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ರಾಶಿ ಬಿದ್ದಿವೆ. ಅರ್ಧ ಜನ ಮನೆಗೆ ನೀರು ನುಗ್ಗಿತು ಅಂತ ಬರೆದಿದ್ದಾರೆ, ಇನ್ನರ್ಧ ಜನ ನಲ್ಲಿಯಲ್ಲಿ ನೀರೇ ಇಲ್ಲ ಅಂತ. ಎರಡೂ ಇದೇ ಬೆಂಗಳೂರಿನಿಂದ, ಕೆಲವು ಒಂದೇ ಪಿನ್‌ಕೋಡ್‌ನಿಂದ! ಒಂದೇ ತರಹದವನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ತುಂಬಾ ಜನ ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸಾರ್, ನಮ್ಮದು ಹೊರಮಾವು ಕಡೆ ತಗ್ಗಿನಲ್ಲಿರುವ ಮನೆ. ಜೋರು ಮಳೆ ಬಂದರೆ ಹಾಲ್‌ಗೆ ನೀರು ಬರುತ್ತೆ. ಬಾತ್‌ರೂಮಿನಿಂದಲೂ ಉಕ್ಕುತ್ತೆ, ಅದು ಮಳೆ ನೀರೂ ಅಲ್ಲ. ಪಕ್ಕದವರು ಕಾಂಪೌಂಡ್ ಎತ್ತರಿಸಿಕೊಂಡರು. ನಮ್ಮ ಮನೆಯನ್ನು ಜಾಕ್ ಹಾಕಿ ಮೇಲೆತ್ತಿಸಬಹುದು ಅಂತ ಒಬ್ಬರು ಹೇಳುತ್ತಿದ್ದಾರೆ. ಎತ್ತಿಸೋದಾ, ಮಾರೋದಾ?

ಉತ್ತರ: ಎರಡನ್ನೂ ಸ್ವಲ್ಪ ತಡೆಯಿರಿ. ಮೊದಲು ಆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗಬೇಕಿತ್ತು ಅನ್ನೋದು ನಿಮಗೆ ಗೊತ್ತಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆ. ಇಲ್ಲಿ ಬಿದ್ದ ಮಳೆ ಮೂರು ಕಣಿವೆಗಳಲ್ಲಿ ಹರಿದು ಇಳಿಯುತ್ತೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ ಕಣಿವೆ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಮತ್ತು ಹೆಬ್ಬಾಳ ಕಣಿವೆಯ ನೀರು ಪೂರ್ವಕ್ಕೆ, ದಕ್ಷಿಣ ಪಿನಾಕಿನಿಗೆ. ನೀವಿರೋದು ಹೆಬ್ಬಾಳ ಕಣಿವೆಯಲ್ಲಿ. ಹೆಬ್ಬಾಳ ಕೆರೆ, ನಾಗವಾರ ಕೆರೆ, ಕಲ್ಕೆರೆ, ಹೀಗೆ ಒಂದು ತುಂಬಿ ಕೋಡಿ ಬಿದ್ದರೆ ಇನ್ನೊಂದಕ್ಕೆ ಹೋಗುವ ದಾರಿ. ಆ ದಾರಿಯೇ ರಾಜಕಾಲುವೆ. ಅದನ್ನು ಕಿರಿದು ಮಾಡಿದ ಮೇಲೂ ನೀರಿಗೆ ಹಳೇ ದಾರಿಯ ನೆನಪಿದೆ, ನಿಮ್ಮ ಹಾಲ್‌ನಲ್ಲೇ ಹೋಗುತ್ತೆ.

ಮಳೆಯೂ ಮೊದಲಿನಂತಿಲ್ಲ. ಭೂಮಿ ಬಿಸಿಯಾದಷ್ಟೂ ಗಾಳಿ ಜಾಸ್ತಿ ತೇವ ಹಿಡಿಯುತ್ತೆ, ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು. ಹಾಗಾಗಿ ಬಂದರೆ ಒಂದೇ ಏಟಿಗೆ ಬರುತ್ತೆ. 2024ರ ಜೂನ್ 2ರಂದು ಊರಿನಲ್ಲಿ ಒಂದೇ ದಿನಕ್ಕೆ 111 ಮಿಲಿಮೀಟರ್ ಬಿತ್ತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 133 ವರ್ಷದ ದಾಖಲೆ. ಹಳೇ ಲೆಕ್ಕ ಇಟ್ಟುಕೊಂಡು ಕಟ್ಟಿದ ಮೋರಿ ಅದನ್ನು ತಡೆಯುತ್ತಾ? 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಯವರನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ದುಡ್ಡಿದ್ದವರಿಗೂ ತಗ್ಗು ತಗ್ಗೇ.

ಈಗ ಕೆಲಸದ ಮಾತು. ಬಾತ್‌ರೂಮಿನಿಂದ ಉಕ್ಕೋದು ಒಳಚರಂಡಿ ನೀರು. ನಿಮ್ಮ ಬೀದಿಯಲ್ಲಿ ಎಷ್ಟೋ ಮನೆಯವರು ತಾರಸಿ ಪೈಪನ್ನು ಸುಮ್ನೆ ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಬಿಟ್ಟಿರುತ್ತಾರೆ. ಶೌಚದ ನೀರಿಗೆ ಅಂತ ಹಾಕಿದ ಪೈಪಿಗೆ ಇಡೀ ಬೀದಿಯ ಮಳೆ ಸೇರಿದರೆ ಅದು ಹಿಂದಕ್ಕೆ ಒತ್ತುತ್ತೆ, ತಗ್ಗಿನ ಮನೆಯ ಬಾತ್‌ರೂಮಿನಲ್ಲಿ ಮೇಲೆ ಬರುತ್ತೆ. ಎತ್ತರದ ಮನೆಯವರಿಗೆ ಇದು ಗೊತ್ತೇ ಆಗಲ್ಲ. ಒಂದು ಭಾನುವಾರ ನಾಲ್ಕು ಮನೆಯವರು ಸೇರಿ ಬೀದಿಯ ಪ್ರತಿ ತಾರಸಿ ಪೈಪ್ ಎಲ್ಲಿಗೆ ಇಳಿದಿದೆ ಅಂತ ನೋಡಿಕೊಂಡು ಬನ್ನಿ. ಜಗಳ ಆಗಬಹುದು, ಆಗಲಿ. ಅವನ್ನು ಬಿಡಿಸಿದರೆ ಅರ್ಧ ತೊಂದರೆ ಅಲ್ಲೇ ಕಡಿಮೆಯಾಗುತ್ತೆ. ನಿಮ್ಮ ಮನೆಯಿಂದ ಹೊರಗೆ ಹೋಗುವ ಯುಜಿಡಿ ಲೈನಿಗೆ ಪ್ಲಂಬರ್ ಹತ್ತಿರ, ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಅದು ಆಗುವವರೆಗೆ, ಮಳೆ ಜೋರಾದಾಗ ಬಾತ್‌ರೂಮಿನ ಜಾಲರಿ ಮತ್ತು ಕಮೋಡಿನ ಬಾಯಿಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಮರಳು ಚೀಲ ಇಡಿ. ನೋಡೋಕೆ ಚೆನ್ನಾಗಿರಲ್ಲ, ಕೆಲಸ ಮಾಡುತ್ತೆ.

ಸಂಪಿನ ಮುಚ್ಚಳ ನೆಲಮಟ್ಟದಲ್ಲಿದ್ದರೆ ಒಂದೂವರೆ ಅಡಿ ಕಟ್ಟೆ ಕಟ್ಟಿಸಿ, ಇಲ್ಲದಿದ್ದರೆ ಕುಡಿಯುವ ನೀರಿಗೆ ಚರಂಡಿ ಸೇರುತ್ತೆ. ಮೀಟರ್ ಬೋರ್ಡು, ಯುಪಿಎಸ್, ಕೆಳಗಿನ ಪ್ಲಗ್ ಪಾಯಿಂಟುಗಳನ್ನು ಎದೆಯ ಎತ್ತರಕ್ಕೆ ತೆಗೆಸಿ. ನೀರು ಹೊಸ್ತಿಲಿಗೆ ಬಂದ ಕೂಡಲೇ ಮೇನ್ ಆಫ್ ಮಾಡೋದು ಮನೆಯ ಮಕ್ಕಳಿಗೂ ಗೊತ್ತಿರಲಿ. ಬೆಸ್ಕಾಂ ಸಹಾಯವಾಣಿ 1912. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ, ಮಾಡಿದರೆ ಇಂಜಿನ್ ಹೋಗುತ್ತೆ, ಮಾಮೂಲಿ ವಿಮೆಯಲ್ಲಿ ಅದರ ಖರ್ಚು ಹುಟ್ಟೋದು ಕಷ್ಟ.

ಪಕ್ಕದವರ ಕಾಂಪೌಂಡ್ ವಿಷಯ. ಅವರು ಎತ್ತರಿಸಿದರು, ನೀರು ನಿಮ್ಮ ಕಡೆ ತಿರುಗಿತು. ನೀವು ಮನೆ ಎತ್ತಿಸಿದರೆ ಅದು ಮೂರನೇ ಮನೆಗೆ ಹೋಗುತ್ತೆ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಖರ್ಚು ಮಾಡಿ ನೀರನ್ನು ಒಬ್ಬರ ಮೇಲೊಬ್ಬರು ತಳ್ಳಿಕೊಂಡರೆ ಬಾಡಿಗೆಯಲ್ಲಿರುವವರು, ಶೀಟಿನ ಮನೆಯವರು ಕೊನೆಗೆ ಮುಳುಗುತ್ತಾರೆ. ಜಾಕ್ ಹಾಕಿಸುವ ದುಡ್ಡು ನಿಮ್ಮದು, ನಾನು ಬೇಡ ಅನ್ನಲ್ಲ. ಆದರೆ ಮೊದಲು ಬೀದಿಯ ಮೋರಿ ರಾಜಕಾಲುವೆಗೆ ಸೇರುವ ಜಾಗದವರೆಗೆ ನಡೆದು ನೋಡಿ. ಹೆಚ್ಚಿನ ಸಲ ಸಿಕ್ಕಿಕೊಂಡಿರೋದು ಅಲ್ಲೇ, ಒಂದು ಕೇಬಲ್ ಕಟ್ಟು, ಕಟ್ಟಡದ ಮಣ್ಣು, ಇಲ್ಲ ಯಾರೋ ಹಾಕಿದ ಸ್ಲ್ಯಾಬು. ಫೋಟೋ ತೆಗೆದು, ಜಾಗ ಗುರುತಿಸಿ, ಫೆಬ್ರವರಿ ಮಾರ್ಚ್‌ನಲ್ಲೇ ಲಿಖಿತ ದೂರು ಕೊಡಿ. ಮೇ ತಿಂಗಳಲ್ಲಿ ಕೊಟ್ಟ ದೂರಿಗೆ ಆಗಸ್ಟ್‌ನಲ್ಲಿ ಜೆಸಿಬಿ ಬರುತ್ತೆ. ರಸ್ತೆಗೆ ಡಾಂಬರು ಹಾಕೋಕೆ ಬಂದಾಗ ಹಳೇ ಪದರ ಕೆರೆದು ತೆಗೆದು ಹಾಕಿ ಅಂತ ಬೀದಿಯವರೆಲ್ಲ ನಿಂತು ಕೇಳಿ. ಪದರದ ಮೇಲೆ ಪದರ ಹಾಕಿ ರಸ್ತೆ ಮೇಲೆ, ಮನೆ ಕೆಳಗೆ ಆಗಿರುವ ಬೀದಿಗಳು ಈ ಊರಲ್ಲಿ ಲೆಕ್ಕವಿಲ್ಲ.

ಮಾರುವ ವಿಷಯಕ್ಕೆ ಬಂದರೆ, ನಿಮಗಿಂತ ಕೊಳ್ಳುವವರಿಗೆ ಹೇಳಬೇಕಾದ ಮಾತಿದು: ಸೈಟು ನೋಡುವಾಗ ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆಯಿರಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಆ ನಂಬರ್ ಹಿಡಿದು ಹಳೇ ಗ್ರಾಮ ನಕ್ಷೆ ತೆಗೆಸಿ, ಕೆರೆ, ಹಳ್ಳ, ಕಾಲುವೆ ಹತ್ತಿರ ಇದೆಯಾ ನೋಡಿ. ಮಾರುವವರು ತೋರಿಸುವ ಬಣ್ಣದ ಬ್ರೋಷರ್‌ನಲ್ಲಿ ಹಳ್ಳ ಇರಲ್ಲ.

ಪ್ರಶ್ನೆ: ನಮ್ಮದು ವಿಜಯನಗರದಲ್ಲಿ 30×40 ಮನೆ. ಮಳೆ ಕೊಯ್ಲು ಮಾಡಿಸೋಣ ಅಂದರೆ ನಮ್ಮ ಯಜಮಾನರು "ಇಷ್ಟು ಸಣ್ಣ ತಾರಸಿಗೆ ಏನು ಬರುತ್ತೆ, ಸುಮ್ನೆ ದುಡ್ಡು ದಂಡ" ಅಂತಾರೆ. ನೀವೇ ಹೇಳಿ.

ಉತ್ತರ: ಯಜಮಾನರಿಗೆ ಈ ಲೆಕ್ಕ ಓದಿ ಹೇಳಿ ಅಮ್ಮ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ತಾರಸಿ 100 ಚದರ ಮೀಟರ್ ಅಂದುಕೊಳ್ಳೋಣ. ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿಲಿಮೀಟರ್ ಆಸುಪಾಸು. ಅಂದರೆ 97,000 ಲೀಟರ್. ಆವಿಯಾಗಿದ್ದು, ಮೊದಲ ಮಳೆಗೆ ತೊಳೆದು ಬಿಟ್ಟಿದ್ದು ಎಲ್ಲ ಕಳೆದರೂ 75,000 ಲೀಟರಿಗೆ ಮೋಸವಿಲ್ಲ. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹನ್ನೆರಡು ಟ್ಯಾಂಕರ್ ಆಯ್ತು.

ಅಷ್ಟನ್ನೂ ಹಿಡಿದಿಡೋಕೆ ನಮ್ಮ ಸಂಪು ಎಲ್ಲಿ ಸಾಲುತ್ತೆ ಅಂತ ಕೇಳುತ್ತಾರೆ. ಒಟ್ಟಿಗೆ ಹಿಡಿಯಬೇಕಿಲ್ಲ. ನಮ್ಮಲ್ಲಿ ಮಳೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿ ಬೀಳುತ್ತೆ. ಬಂದಾಗ ತುಂಬುತ್ತೆ, ಬಳಸುತ್ತೀರಿ, ಮತ್ತೆ ತುಂಬುತ್ತೆ. ಇದು ಬೆಂಗಳೂರಿನ ಪುಣ್ಯ, ಎರಡು ತಿಂಗಳಲ್ಲೇ ಎಲ್ಲ ಸುರಿದು ಹೋಗುವ ಊರುಗಳಿಗೆ ಈ ಅನುಕೂಲ ಇಲ್ಲ. ಸಂಪು ತುಂಬಿ ಮಿಕ್ಕಿದ್ದನ್ನು ಇಂಗುಬಾವಿಗೆ ಬಿಡಿ. ಮೂರಡಿ ಅಗಲ, ಇಪ್ಪತ್ತಡಿ ಆಳ, ಸಿಮೆಂಟ್ ರಿಂಗ್ ಇಳಿಸಿದ ಬಾವಿ. ತಳಕ್ಕೆ ಕಾಂಕ್ರೀಟ್ ಹಾಕಿಸಬೇಡಿ, ಕೆಲವು ಮೇಸ್ತ್ರಿಗಳು ಅಭ್ಯಾಸಬಲದಿಂದ ಹಾಕಿಬಿಡುತ್ತಾರೆ, ಆಮೇಲೆ ಅದು ಇಂಗುಬಾವಿ ಅಲ್ಲ, ಇನ್ನೊಂದು ಸಂಪು. ಒಂದು ಸಲಕ್ಕೆ ಸುಮಾರು 4,000 ಲೀಟರ್ ಹಿಡಿದು, ಮಣ್ಣು ಒಳ್ಳೆಯದಿದ್ದರೆ ಬೇಗ ಇಂಗಿಸಿ ಮುಂದಿನ ಮಳೆಗೆ ಖಾಲಿಯಾಗುತ್ತೆ.

ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಬೇಕು, ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಬೇಕು. ಅಷ್ಟೂ ಆಗಲ್ಲ ಅನ್ನುವವರು ಮಾಡಿಸದೇ ಇರೋದೇ ವಾಸಿ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಪಾರ್ಕ್ ಇದೆ, ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನಲ್ಲಿ. ಯಜಮಾನರನ್ನು ಕರೆದುಕೊಂಡು ಹೋಗಿ ತೋರಿಸಿ, ಕಣ್ಣಲ್ಲಿ ನೋಡಿದರೆ ವಾದ ಮುಗಿಯುತ್ತೆ. ಮುಗಿಯದಿದ್ದರೆ ಕಾನೂನಿದೆ. 2009ರಿಂದಲೇ ಮಳೆ ಕೊಯ್ಲು ಕಡ್ಡಾಯ, ಹೊಸದಾಗಿ ಕಟ್ಟುವವರಿಗೆ 30×40ರಿಂದ, ಹಳೇ ಮನೆಗಳಿಗೆ 60×40ರಿಂದ. ಮಾಡಿಸದಿದ್ದರೆ ದಂಡ ನೀರಿನ ಬಿಲ್ಲಿನಲ್ಲೇ ಬರುತ್ತೆ.

ಪ್ರಶ್ನೆ: ವೈಟ್‌ಫೀಲ್ಡ್ ಹತ್ತಿರದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾನು. 2024ರಲ್ಲಿ ನಮ್ಮ ಬೋರ್‌ಗಳೆಲ್ಲ ಬತ್ತಿದವು. 1,500 ಅಡಿ ಹೊಸ ಬೋರ್ ಕೊರೆಸೋಣ ಅಂತ ಸಭೆಯಲ್ಲಿ ತೀರ್ಮಾನ ಆಗುವ ಹಂತದಲ್ಲಿದೆ. ಪಾಯಿಂಟ್ ನೋಡುವವರೂ ಬಂದು ಹೋದರು. ನಿಮ್ಮ ಸಲಹೆ?

ಉತ್ತರ: ಬೇಡ ಅಂತಲೇ ನನ್ನ ಸಲಹೆ. ಸಭೆಯಲ್ಲಿ ಬೈಸಿಕೊಳ್ಳೋಕೆ ಸಿದ್ಧರಾಗಿ.

ನಮ್ಮ ನೆಲ ಗಟ್ಟಿ ಕಲ್ಲು. ಮೇಲಿನ ಪದರದಲ್ಲಿ ಶಿಥಿಲವಾದ ಕಲ್ಲು, ಮಣ್ಣು, ಅಲ್ಲಿ ಮಳೆ ನೀರು ಇಂಗಿ ನಿಲ್ಲುತ್ತೆ, ಹಿಂದೆ ತೆರೆದ ಬಾವಿಗಳಿಗೆ ಸಿಗುತ್ತಿದ್ದದ್ದು ಅದೇ. ಕೆಳಗೆ ಹೋದಂತೆ ನೀರಿರೋದು ಬಿರುಕುಗಳಲ್ಲಿ ಮಾತ್ರ. 1,500 ಅಡಿಯಲ್ಲಿ ಸಿಗುವ ನೀರು ಅಲ್ಲಿಗೆ ಇಳಿಯೋಕೆ ಎಷ್ಟು ಕಾಲ ಹಿಡಿದಿತ್ತೋ, ನೀವು ಎರಡು ಬೇಸಿಗೆಯಲ್ಲಿ ಖಾಲಿ ಮಾಡುತ್ತೀರಿ. ನಿಮ್ಮ ಬೋರು ಆಳವಾದರೆ ಪಕ್ಕದ ಹಳ್ಳಿಯವರ ಬೋರು ಒಣಗಬಹುದು, ಆಗ ಅವರು ಇನ್ನೂ ಆಳಕ್ಕೆ ಹೋಗುತ್ತಾರೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಕೊಟ್ಟ ಲೆಕ್ಕದಲ್ಲೇ ಊರಿನ ಸುಮಾರು 13,900 ಸಾರ್ವಜನಿಕ ಬೋರ್‌ಗಳಲ್ಲಿ 6,900 ಬತ್ತಿದ್ದವು. ಅದಕ್ಕೆ ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರ ಪೀಡಿತ ಅಂತ ಘೋಷಣೆ ಆಗಿತ್ತು. ಒಂದು ಮುಂಗಾರು ಕೈಕೊಟ್ಟದ್ದಕ್ಕೆ ಇಷ್ಟು. ಎರಡು ಸಾಲಾಗಿ ಕೈಕೊಟ್ಟರೆ?

ಆ ದುಡ್ಡನ್ನು ಮೊದಲು ಮೀಟರ್‌ಗೆ ಹಾಕಿ. ಪ್ರತಿ ಫ್ಲ್ಯಾಟಿಗೆ ನೀರಿನ ಮೀಟರ್, ಬಳಸಿದಷ್ಟಕ್ಕೆ ಬಿಲ್. ಚದರಡಿ ಲೆಕ್ಕದ ಮೇಂಟೆನೆನ್ಸ್‌ನಲ್ಲಿ ನೀರು ಸೇರಿಹೋದರೆ ಯಾರು ಎಷ್ಟು ಚೆಲ್ಲುತ್ತಾರೆ ಅಂತ ದೇವರಿಗೇ ಗೊತ್ತು. ಮೀಟರ್ ಬಂದ ಕಡೆಯೆಲ್ಲ ಸೋರುವ ಫ್ಲಶ್ ಟ್ಯಾಂಕ್ ತಾನಾಗೇ ರಿಪೇರಿಯಾಗುತ್ತೆ! ನಲ್ಲಿಗಳಿಗೆ ಗಾಳಿ ಬೆರೆಸಿ ನೀರು ಕಡಿಮೆ ಬಿಡುವ ಏರೇಟರ್ ಹಾಕಿಸಿ, ಸಣ್ಣ ಖರ್ಚು. ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ, ಇದ್ದರೆ ಅದರ ನೀರನ್ನು ಫ್ಲಶ್‌ಗೆ, ಗಿಡಕ್ಕೆ, ಕಾರ್ ತೊಳೆಯೋಕೆ ಕಡ್ಡಾಯ ಮಾಡಿ. ಎಷ್ಟೋ ಕಡೆ ಎಸ್‌ಟಿಪಿ ಇರೋದು ತಪಾಸಣೆಗೆ ಬಂದವರಿಗೆ ತೋರಿಸೋಕೆ ಮಾತ್ರ, ನಡೆಸುವವರು ಇಲ್ಲ. ಅದಕ್ಕೆ ಕೆಲಸ ಗೊತ್ತಿರುವ ಆಪರೇಟರ್ ಇಡಿ, ಸೆಕ್ಯುರಿಟಿಯವರ ಕೈಲಿ ಸ್ವಿಚ್ ಹಾಕಿಸಬೇಡಿ.

ಆಮೇಲೆ ಇಂಗುಬಾವಿಗಳು. ನಿಮ್ಮಂಥ ಕ್ಯಾಂಪಸ್‌ನಲ್ಲಿ ಮಳೆ ನೀರು ಹರಿದು ಗೇಟು ದಾಟುವ ದಾರಿಯುದ್ದಕ್ಕೂ ತೋಡಿಸಬಹುದು. ಇದಕ್ಕೆ ತಲೆಮಾರುಗಳಿಂದ ಬಾವಿ ತೋಡುತ್ತಿರುವ ಮಣ್ಣು ವಡ್ಡರ ಕಸುಬುದಾರರನ್ನೇ ಕರೆಯಿರಿ. ಎಲ್ಲಿ ಮಣ್ಣು ಸಡಿಲ, ಎಲ್ಲಿ ಕಲ್ಲು ಸಿಗುತ್ತೆ ಅನ್ನೋದು ಗುದ್ದಲಿ ಹಾಕಿದ ಕೂಡಲೇ ಅವರಿಗೆ ತಿಳಿಯುತ್ತೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದು ಮತ್ತೆ ನೀರು ಬರುವಂತೆ ಮಾಡಿದ್ದು ಈ ಕಸುಬಿನವರೇ. ನಗರದ ತುಂಬ ಹತ್ತು ಲಕ್ಷ ಬಾವಿ ಅಂತ ಬಯೋಮ್ ಟ್ರಸ್ಟ್ ಒಂದು ಅಭಿಯಾನವನ್ನೇ ನಡೆಸುತ್ತಿದೆ. ಪಾರ್ಕಿಂಗ್ ನೀರು, ಡೀಸೆಲ್ ಎಣ್ಣೆ ಬೆರೆತದ್ದು ಮಾತ್ರ ಬಾವಿಗೆ ಹೋಗದಂತೆ ನೋಡಿಕೊಳ್ಳಿ. ಹಳೇ ಬೋರಿನ ಕೇಸಿಂಗ್ ಒಳಗೆ ನೇರವಾಗಿ ಮಳೆ ನೀರು ಬಿಡೋದು ಅಂತೂ ಬೇಡವೇ ಬೇಡ, ಕೊಳೆ ಆಳಕ್ಕೆ ಇಳಿದರೆ ಹೊರಗೆ ತೆಗೆಯೋಕೆ ಆಗಲ್ಲ.

ಕಾವೇರಿ ಐದನೇ ಹಂತ ಬಂತಲ್ಲ ಅಂತ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಬಂತು, ದಿನಕ್ಕೆ 775 ದಶಲಕ್ಷ ಲೀಟರ್, ಒಳ್ಳೆಯದೇ. ಆದರೆ ಅದು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲೆತ್ತಿ ತಂದ ನೀರು. ಕೆಆರ್‌ಎಸ್ ಬತ್ತಿದ ವರ್ಷ ಮಂಡ್ಯದ ಗದ್ದೆಗೂ ನಮ್ಮ ನಲ್ಲಿಗೂ ಹಗ್ಗಜಗ್ಗಾಟ. ಅದೊಂದನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಪೀಣ್ಯ ಹತ್ತಿರ ಶೀಟಿನ ಮನೆ, ಬಾಡಿಗೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬೇಸಿಗೆಯಲ್ಲಿ ರಾತ್ರಿ ಮಗು ನಿದ್ದೆ ಮಾಡಲ್ಲ, ಅತ್ತೆಗೆ ತಲೆ ಸುತ್ತು. ಓನರ್ ಏನೂ ಮಾಡಿಸಿಕೊಡಲ್ಲ. ಏಸಿ ನಮ್ಮ ಕೈಲಿ ಆಗಲ್ಲ. ಕಡಿಮೆ ಖರ್ಚಿನಲ್ಲಿ ಏನಾದರೂ ಇದೆಯಾ ಅಕ್ಕ?

ಉತ್ತರ: ಇದೆ ಕಣಮ್ಮ. ಬೆಂಗಳೂರಿಗೆ ಫ್ಯಾನೇ ಬೇಡ ಅನ್ನುತ್ತಿದ್ದ ಕಾಲ ಹೋಯ್ತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್‌ನಲ್ಲಿ 38.5. ಅದು ನೆರಳಲ್ಲಿಟ್ಟು ಅಳೆದ ಲೆಕ್ಕ, ನಿಮ್ಮ ಶೀಟಿನ ಕೆಳಗೆ ಇನ್ನೂ ಜಾಸ್ತಿ.

ಶೀಟಿನ ಮೇಲೆ ಬಿಳಿ ಸುಣ್ಣ ಹೊಡೆಯಿರಿ. ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿದರೆ ಬೇಗ ತೊಳೆದು ಹೋಗಲ್ಲ. ಫೆಬ್ರವರಿ ಕೊನೆಗೆ ಹೊಡೆದರೆ ಬೇಸಿಗೆ ದಾಟುತ್ತೆ. ಬಿಳಿ ಬಿಸಿಲನ್ನು ವಾಪಸ್ ಕಳಿಸುತ್ತೆ, ಶೀಟು ಕಾಯೋದು ಕಡಿಮೆ. ಅಹಮದಾಬಾದ್‌ನಲ್ಲಿ 2010ರ ಬಿಸಿಗಾಳಿಗೆ ತುಂಬಾ ಜನ ಸತ್ತ ಮೇಲೆ 2013ರಲ್ಲಿ ಒಂದು ಶಾಖ ಯೋಜನೆ ಮಾಡಿದರು, ಮುಂದೆ ಕೊಳೆಗೇರಿಗಳ ಚಾವಣಿಗೆ ಬಿಳಿ ಬಣ್ಣ ಹೊಡೆಯೋದೂ ಅದರ ಭಾಗವಾಯ್ತು. ತೆಲಂಗಾಣದಲ್ಲಿ 2023ರಲ್ಲಿ ತಂಪು ಚಾವಣಿಗೆ ಅಂತಲೇ ನೀತಿ ಬಂದಿದೆ. ನಿಮ್ಮದು ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್ ಶೀಟಾದರೆ ಅದನ್ನು ಉಜ್ಜಬೇಡಿ, ತೂತು ಕೊರೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಹಗುರವಾಗಿ ನೀರು ಹಾಕಿ ಬ್ರಷ್‌ನಲ್ಲಿ ಬಳಿಯಿರಿ. ಶೀಟಿನ ಮೇಲೆ ಕಾಲಿಡಬೇಡಿ, ಮುರಿಯುತ್ತೆ. ಏಣಿ ಇಟ್ಟು ಉದ್ದ ಕೋಲಿಗೆ ಬ್ರಷ್ ಕಟ್ಟಿಕೊಳ್ಳಿ.

ಬಾಗಿಲ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿ, ಮದುವೆ ಮನೆಗೆ ಹಾಕುತ್ತಾರಲ್ಲ, ಅಂಥದ್ದೇ. ಶೀಟಿನ ಮೇಲೂ ಗರಿ ಹೊದಿಸಬಹುದು, ಒಲೆಯ ಕಿಡಿ, ವೈರು ತಾಗದ ಹಾಗೆ. ಹಗಲು ಪಶ್ಚಿಮದ ಕಿಟಕಿಗೆ ಒದ್ದೆ ಗೋಣಿಚೀಲ, ಸಂಜೆ ಆದ ಕೂಡಲೇ ಎಲ್ಲ ತೆರೆದು ಗಾಳಿ ಆಡಿಸಿ.

ಅತ್ತೆಗೆ ಬಾಯಾರಿಕೆ ಆಗದಿದ್ದರೂ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡುತ್ತಿರಿ, ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದು ಕಡಿಮೆ. ಬಿಪಿ, ಕಿಡ್ನಿ ತೊಂದರೆ ಇದ್ದರೆ ಉಪ್ಪಿನ ವಿಷಯ ಡಾಕ್ಟರ್ ಹತ್ತಿರ ಕೇಳಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲವಾಗಿ ಆಡಿದರೆ ಅದು ಸುಸ್ತಲ್ಲ. ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಹಾಕುತ್ತಾ 108ಕ್ಕೆ ಫೋನ್ ಮಾಡಿ. ನೀವು ಕೆಲಸಕ್ಕೆ ಹೋದಾಗ ಮಧ್ಯಾಹ್ನ ಎರಡು ಗಂಟೆಗೆ ಯಾರಾದರೂ ಅತ್ತೆಯನ್ನು ಒಂದು ಸಲ ಮಾತಾಡಿಸಿ ಹೋಗುವ ಹಾಗೆ ವಠಾರದಲ್ಲಿ ಮಾತಾಡಿಟ್ಟುಕೊಳ್ಳಿ. ನೀವೂ ಅವರ ಮನೆಯವರನ್ನು ಹಾಗೇ ನೋಡಿಕೊಳ್ಳುತ್ತೀರಿ ಅಲ್ವಾ. ಸುಣ್ಣವನ್ನೂ ವಠಾರಕ್ಕೆಲ್ಲ ಒಟ್ಟಿಗೆ ಹೊಡೆಸಿದರೆ ಓನರ್ ಹತ್ತಿರ ಕೇಳೋದು ಸುಲಭ, ಒಬ್ಬರಿಗೆ ಇಲ್ಲ ಅನ್ನುವವರು ಎಂಟು ಮನೆಯವರಿಗೆ ಅನ್ನೋಕೆ ಯೋಚಿಸುತ್ತಾರೆ.

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮ ಮನೆ ಮುಂದೆ ದೊಡ್ಡ ಮರ. ಪ್ರತಿ ಮೇ ತಿಂಗಳ ಗಾಳಿಗೆ ಎಲ್ಲಾದರೂ ಮರ ಬಿದ್ದ ಸುದ್ದಿ. ಕಡಿಸಿಬಿಡೋಣ ಅಂತಿದ್ದೇನೆ, ತಪ್ಪಾ?

ಉತ್ತರ: ಕಡಿಸೋಕೆ ಮುಂಚೆ ಬುಡ ನೋಡಿ ಸ್ವಾಮಿ. ಕಾಂಕ್ರೀಟ್ ಕುತ್ತಿಗೆವರೆಗೆ ಹಾಕಿದ್ದಾರಾ? ಕೇಬಲ್‌ಗೆ, ಪೈಪಿಗೆ ಅಗೆದಾಗ ಒಂದು ಕಡೆ ಬೇರು ಕತ್ತರಿಸಿದ್ದಾರಾ? ವೈರಿಗೆ ತಾಗುತ್ತೆ ಅಂತ ರಸ್ತೆ ಕಡೆ ಕೊಂಬೆ ಮಾತ್ರ ಕಡಿದು ಇಡೀ ಭಾರ ನಿಮ್ಮ ಮನೆ ಕಡೆ ಬಿಟ್ಟಿದ್ದಾರಾ? ಬೀಳುವ ಮರಗಳಲ್ಲಿ ಎಷ್ಟೋ ಇಂಥವೇ. ಬುಡದ ಸುತ್ತ ಮೂರಡಿ ಮಣ್ಣು ಬಿಡಿಸಿ, ಎರಡೂ ಕಡೆ ಸಮ ಮಾಡಿ ಕೊಂಬೆ ತೆಗೆಸಿ. ಗುಲ್‌ಮೊಹರ್, ನೀರುಕಾಯಿ ಮರದ ಕೊಂಬೆ ಬೇಗ ಮುರಿಯುತ್ತೆ ಅನ್ನೋದು ನಿಜ. ಬುಡ ಟೊಳ್ಳಾಗಿದ್ದರೆ ಅರಣ್ಯ ವಿಭಾಗದ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಿ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ನೀವಾಗೇ ಕಡಿಸೋ ಹಾಗಿಲ್ಲ.

ಕಡಿದರೆ ಏನು ಕಳೆದುಕೊಳ್ಳುತ್ತೀರಿ ಗೊತ್ತಾ? ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪು, ಡಾಂಬರಿನ ಮೇಲ್ಮೈ 27.5 ಡಿಗ್ರಿಯವರೆಗೆ ತಂಪು. ತಳ್ಳುಗಾಡಿಯವರು ಎಲ್ಲಿ ನಿಲ್ಲಿಸುತ್ತಾರೆ ನೋಡಿ, ಅವರಿಗೆ ಅಧ್ಯಯನ ಬೇಕಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಗೆ ಸಂಘ ಕಟ್ಟುತ್ತಿದ್ದೇವೆ. ಬೇಲಿ, ವಾಕಿಂಗ್ ಟ್ರ್ಯಾಕ್, ಲೈಟು ಮೊದಲು ಅಂತ ಕೆಲವರು. ನೀವೇನಂತೀರಿ? (ಬೆಂಗಳೂರು ದಕ್ಷಿಣ)

ಉತ್ತರ: ನೀರು ಮೊದಲು. ಕೆರೆಗೆ ಬರುವ ಕಾಲುವೆಗಳನ್ನು ಎಣಿಸಿ, ಯಾವುದರಲ್ಲಿ ಮಳೆ, ಯಾವುದರಲ್ಲಿ ಕೊಳಚೆ ಅಂತ ಬರೆದಿಡಿ. ಆಮೇಲೆ ಕೋಡಿ ಎಲ್ಲಿ, ಅದರ ಮುಂದಿನ ದಾರಿ ತೆರೆದಿದೆಯಾ ನೋಡಿ. ಟ್ರ್ಯಾಕ್ ಹಾಕುವ ಭರದಲ್ಲಿ ಏರಿ ಎತ್ತರಿಸಿ, ಬರುವ ದಾರಿಯನ್ನೇ ಮುಚ್ಚಿದ ಕೆರೆಗಳಿವೆ. ನಡೆಯುವವರಿಗೆ ಚೆಂದ, ನೀರಿಗೆ ಬಾಗಿಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಕೆರೆ ವರ್ಷವಿಡೀ ತುಂಬಿ ಕಂಡರೆ ಖುಷಿ ಪಡುತ್ತೇವೆ. ಆದರೆ ಮೇ ತಿಂಗಳಲ್ಲೇ ಕೊಳಚೆಯೋ ಶುದ್ಧೀಕರಿಸಿದ ನೀರೋ ತುಂಬಿ ತುಳುಕುತ್ತಿದ್ದರೆ, ಜೂನ್‌ನ ಮಳೆ ಎಲ್ಲಿ ನಿಲ್ಲಬೇಕು? ಹಳೇ ಕಾಲದಲ್ಲಿ ತೂಬು, ಅಂದರೆ ಕೆರೆಯಿಂದ ನೀರು ಬಿಡುವ ಬಾಗಿಲು, ಎತ್ತಿ ಇಳಿಸೋಕೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಗದ್ದೆಗೆ ಬಿಟ್ಟು ಬಿಟ್ಟು ಕೆರೆ ಬೇಸಿಗೆಗೆ ಇಳಿಯುತ್ತಿತ್ತು, ಮಳೆಗೆ ಜಾಗ ಸಿಗುತ್ತಿತ್ತು. ಈಗ ಗದ್ದೆ ಇಲ್ಲ, ತೂಬು ಮುಚ್ಚಿದೆ, ಕೆರೆ ಬರೀ ತಟ್ಟೆ ತರಹ ತುಂಬಿ ನಿಂತಿದೆ. ನಿಮ್ಮ ಸಂಘ ಅಧಿಕಾರಿಗಳ ಹತ್ತಿರ ಕೇಳಬೇಕಾದ ಮೊದಲ ವಸ್ತು ತೆರೆದು ಮುಚ್ಚುವ ತೂಬು. ಎರಡನೆಯದು ಅದನ್ನು ಮಳೆಗೆ ಮುಂಚೆ ಯಾರು, ಯಾವ ದಿನ ತೆರೆಯುತ್ತಾರೆ ಅನ್ನೋದು ಲಿಖಿತವಾಗಿ. ಲೈಟಿಗೆ ಯಾರಾದರೂ ಜನಪ್ರತಿನಿಧಿ ತಾನಾಗೇ ದುಡ್ಡು ಕೊಡುತ್ತಾರೆ, ಉದ್ಘಾಟನೆ ಮಾಡಬಹುದಲ್ಲ.

ನೋಡಿ ಬರೋಕೆ ಕೆರೆ ಬೇಕಾದರೆ ಜಕ್ಕೂರಿಗೆ ಹೋಗಿ. ಶುದ್ಧೀಕರಣ ಘಟಕದ ನೀರು ಜೊಂಡು ಹುಲ್ಲಿನ ಜೌಗಿನಲ್ಲಿ ಹಾದು ಕೆರೆ ಸೇರುತ್ತೆ. ಕೈಕೊಂಡ್ರಹಳ್ಳಿ ಕೆರೆಯಲ್ಲಿ ಸುತ್ತಲಿನ ಜನ ಪಾಲಿಕೆಯ ಜೊತೆ ಕೂತು ಯೋಜನೆ ಮಾಡಿದರು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಅಲ್ಲಿನ ನಿವಾಸಿಗಳ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಸಂಘದಲ್ಲಿ ದನ ಮೇಯಿಸುವವರು, ಮೀನು ಹಿಡಿಯುವವರೂ ಇರಲಿ. ಕೆರೆಯಲ್ಲಿ ಏನಾಗುತ್ತಿದೆ ಅಂತ ಬೆಳಿಗ್ಗೆ ಆರಕ್ಕೆ ನಡೆಯುವವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ದೊಡ್ಡಬಳ್ಳಾಪುರದ ರೈತ. ಬೆಂಗಳೂರಿನವರಿಗೇ ಉತ್ತರ ಕೊಡ್ತೀರಾ, ನಮಗೂ ಹೇಳಿ. ರಾಗಿ ಬಿತ್ತನೆ ಹೊತ್ತಿಗೆ ಮಳೆ ಇಲ್ಲ, ಕೊಯ್ಲಿಗೆ ಸುರಿಯುತ್ತೆ.

ಉತ್ತರ: ನಿಮ್ಮ ಅಜ್ಜ ಹಾಕುತ್ತಿದ್ದ ಅಕ್ಕಡಿ ಸಾಲನ್ನು ಮತ್ತೆ ಹಾಕಿ. ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ, ಹರಳು. ರಾಗಿ ಕೈಕೊಟ್ಟರೂ ಅವರೆ ಸೊಗಡು ಚಳಿಗೆ ಬರುತ್ತೆ, ತೊಗರಿಯ ಬೇರು ಆಳಕ್ಕೆ ಹೋಗಿ ತಡೆಯುತ್ತೆ. ಒಂದೇ ಬೆಳೆ ಹಾಕಿದವರಿಗೆ ಒಂದೇ ಮಳೆ ಕೈಕೊಟ್ಟರೆ ಎಲ್ಲ ಹೋಯ್ತು. ಜಿಪಿಯು-28 ರಾಗಿ ತಳಿಗೆ 110 ದಿನಕ್ಕೂ ಜಾಸ್ತಿ ಬೇಕು. ಮಳೆ ತಡವಾದ ವರ್ಷ ಕಡಿಮೆ ದಿನದ ತಳಿ ಬಿತ್ತಿ, ಇಲ್ಲ ಪಾತಿಯಲ್ಲಿ ಸಸಿ ಬೆಳೆಸಿಟ್ಟು ಹದ ಬಂದಾಗ ನಾಟಿ ಹಾಕಿ. ಜುಲೈಗೆ ಮುಂಚೆಯೇ ರೈತ ಸಂಪರ್ಕ ಕೇಂದ್ರದಲ್ಲಿ ಬೀಜ ವಿಚಾರಿಸಿ. ಬದು ಗಟ್ಟಿಮಾಡಿ, ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ಸಿಗುತ್ತಾ ಕೇಳಿ. ಸುತ್ತ ಬೇಲಿ ಹಾಕದ ಹೊಂಡ ಮಕ್ಕಳಿಗೆ ಅಪಾಯ, ಅದನ್ನು ಮರೆಯಬೇಡಿ.

ಪ್ರಶ್ನೆ: ನಾನು ಪಿಯುಸಿ. ಕಾರ್ಬನ್ ಬಿಟ್ಟಿದ್ದು ಬೇರೆ ದೇಶದವರು, ನಾವು ಬಾವಿ ತೋಡಿದರೆ ಭೂಮಿ ತಂಪಾಗುತ್ತಾ?

ಉತ್ತರ: ಆಗಲ್ಲ. ನಿಮ್ಮ ಮನೆ ಮುಂದೆ ನೀರು ನಿಲ್ಲೋದು ಕಡಿಮೆ ಆಗುತ್ತೆ. ಭೂಮಿ ಬಿಸಿಯಾಗೋದನ್ನು ತಡೆಯೋದು ಒಂದು ಕೆಲಸ, ಆಗಲೇ ಬಿಸಿಯಾದದ್ದನ್ನು ತಡೆದುಕೊಳ್ಳೋದು ಇನ್ನೊಂದು. ಮೊದಲನೆಯದಕ್ಕೆ ದೊಡ್ಡವರನ್ನು ಜಗ್ಗಿ ಕೇಳಿ. ನಮ್ಮ ಊರಿಗೇ 2023ರ ನವೆಂಬರ್‌ನಲ್ಲಿ ಒಂದು ಹವಾಮಾನ ಕ್ರಿಯಾ ಯೋಜನೆ ಬಂದಿದೆ, 2050ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಟ್ಟಷ್ಟು ಕಾರ್ಬನ್ನನ್ನು ವಾಪಸ್ ಹೀರಿ ಸರಿದೂಗಿಸೋದು, ಅನ್ನುವ ಗುರಿ. ಈಗ ಒಂದರ ಬದಲು ಐದು ಪಾಲಿಕೆಗಳಾಗಿವೆ. ಈ ವರ್ಷ ನಮ್ಮ ವಾರ್ಡಿಗೆ ಅದರಲ್ಲಿ ಏನು ಬಂತು ಅಂತ ಕಾಲೇಜಿನಿಂದಲೇ ಪತ್ರ ಬರೆದು ಕೇಳಬಹುದು. ಬಾವಿಯ ಕೆಲಸಕ್ಕೆ ಯಾರ ಅಪ್ಪಣೆಗೂ ಕಾಯಬೇಡಿ.

ಪ್ರಶ್ನೆ: ಜೋರು ಮಳೆ ಬರುತ್ತೆ ಅಂತ ಮುಂಚೆ ತಿಳಿಯೋಕೆ ಏನು ನೋಡಬೇಕು? ವಾಟ್ಸಾಪ್‌ನಲ್ಲಿ ಬಂದದ್ದನ್ನು ನಂಬಬಹುದಾ?

ಉತ್ತರ: ವಾಟ್ಸಾಪ್ ಬೇಡ. ಹೋದ ವರ್ಷದ ವಿಡಿಯೊ ಈ ವರ್ಷ ಓಡಾಡುತ್ತೆ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಮಾಡಿದ ಬೆಂಗಳೂರು ಮೇಘಸಂದೇಶ ಆ್ಯಪ್ ಇದೆ, ನಗರದ ಮಳೆ, ನೆರೆಗೆ ಅಂತಲೇ ಮಾಡಿದ್ದು. ಸಿಡಿಲಿಗೆ ದಾಮಿನಿ. ನೀರು, ಒಳಚರಂಡಿ ದೂರಿಗೆ ಜಲಮಂಡಳಿಯ 1916. ಬೀದಿಯಲ್ಲಿ ಫೋನ್ ಇಲ್ಲದ ಮನೆಗಳು ಯಾವುವು ಅಂತ ಈಗಲೇ ಗುರುತಿಸಿಟ್ಟುಕೊಂಡು, ಎಚ್ಚರಿಕೆ ಬಂದ ದಿನ ಬಾಗಿಲು ತಟ್ಟಿ ಹೇಳುವವರು ಇಬ್ಬರನ್ನು ಗೊತ್ತುಮಾಡಿ.

ಪ್ರಶ್ನೆ: ನೀರು ಯಾವಾಗ ಬರುತ್ತೋ ಅಂತ ಡ್ರಮ್ಮು, ಬಿಂದಿಗೆಯಲ್ಲೆಲ್ಲ ತುಂಬಿಡುತ್ತೇವೆ. ಡೆಂಗಿ ಬರುತ್ತೆ ಅಂತ ಆಶಾ ಕಾರ್ಯಕರ್ತೆ ಬೈದು ಹೋದರು. ನೀರಿಡದೇ ಬದುಕೋದು ಹೇಗೆ? (ಲಗ್ಗೆರೆ)

ಉತ್ತರ: ನೀರಿಡಿ, ಬಾಯಿ ಮುಚ್ಚಿಡಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನಿಂತ ಒಳ್ಳೆ ನೀರಿನಲ್ಲೇ, ಮೋರಿಯಲ್ಲಿ ಅಲ್ಲ. ಡ್ರಮ್ಮಿನ ಮುಚ್ಚಳ ಕಳೆದಿದ್ದರೆ ಹಳೇ ಪಂಚೆಯನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ. ಮೊಟ್ಟೆ ಸೊಳ್ಳೆಯಾಗೋಕೆ ವಾರದಿಂದ ಹತ್ತು ದಿನ ಬೇಕು, ಹಾಗಾಗಿ ವಾರಕ್ಕೊಂದು ದಿನ ಖಾಲಿ ಮಾಡಿ ಒಳಗೋಡೆಯನ್ನು ನಾರು ಹಾಕಿ ಉಜ್ಜಿ, ಮೊಟ್ಟೆ ಅಂಟಿಕೊಂಡಿರೋದು ಅಲ್ಲೇ. ಆ ನೀರನ್ನು ಚೆಲ್ಲಬೇಡಿ, ಬಟ್ಟೆಗೋ ಬಚ್ಚಲಿಗೋ ಆಗುತ್ತೆ. ಬೀದಿಯವರೆಲ್ಲ ಒಂದೇ ದಿನ ಮಾಡಿದರೆ ಮಾತ್ರ ಪ್ರಯೋಜನ, ಪಕ್ಕದ ಮನೆಯ ಟಯರಿನಲ್ಲಿ ಹುಟ್ಟಿದ ಸೊಳ್ಳೆಗೆ ನಿಮ್ಮ ಮನೆ ದೂರವಲ್ಲ. ಶುಕ್ರವಾರ ಹೇಗೂ ಮನೆ ತೊಳೆಯುತ್ತೀರಿ, ಆ ದಿನವೇ ಇಟ್ಟುಕೊಳ್ಳಿ.